ಮಿಲ್ಲಿನ ಗೇಟಿನಿಂದ ಲಿಂಕ್ಡ್‌ಇನ್‌ವರೆಗೆ: ನೌಕರರ ಮಾತು, ಕಂಪನಿಯ ದುಡ್ಡು

ಕಳೆದ ವರ್ಷ ಕ್ಯಾಂಪಸ್ ಸಂದರ್ಶನದ ಹಿಂದಿನ ದಿನ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರ ಮೆಟ್ಟಿಲ ಮೇಲೆ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ಹಿಡಿದು ಕುಳಿತಿದ್ದಳು. ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ. ಸಂದರ್ಶನ ಎದುರಿಸುವುದು ಹೇಗೆಂದು ಹೇಳಿಕೊಡಲು ನಾನು ಆ ಕಾಲೇಜಿಗೆ ವಾರಕ್ಕೆರಡು ದಿನ ಹೋಗುತ್ತೇನೆ. ಹಾಗಾಗಿ ಪರಿಚಯವಿತ್ತು. ಪಕ್ಕದಲ್ಲಿ ನಿಂತು ನೋಡಿದರೆ, ಲಿಂಕ್ಡ್‌ಇನ್‌ನಲ್ಲಿ ತಾನೇ ಹಾಕಿದ್ದ ಒಂದು ಬರಹವನ್ನು ಅಳಿಸುತ್ತಿದ್ದಳು. ಬಿರುಕು ಬಿಟ್ಟ ಕೆರೆಯಂಗಳದ ಚಿತ್ರ, ಅದರ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ನಮ್ಮ ಕೆರೆಗೆ ಯಾವಾಗ ಬರುತ್ತದೆ, ಘೋಷಿಸಿದ ಹಣ ಎಲ್ಲಿ ಎಂದು ಕೇಳಿದ್ದಳು. ಯಾವ ಪಕ್ಷದ ಹೆಸರೂ ಇರಲಿಲ್ಲ.

"ಏಕಮ್ಮ ತೆಗೆಯುತ್ತಿದ್ದೀಯ?" ಎಂದೆ.

"ಸೀನಿಯರ್ ಅಕ್ಕ ಹೇಳಿದರು ಸರ್. ಎಚ್‌ಆರ್‌ನವರು ಎಲ್ಲವನ್ನೂ ನೋಡುತ್ತಾರಂತೆ. ಇದು ರಾಜಕೀಯ ಅನ್ನಿಸುತ್ತದಂತೆ."

ಉತ್ತರಿಸಲು ನನಗೆ ಬಾಯಿ ಬರಲಿಲ್ಲ. ಏಕೆಂದರೆ ಅದರ ಹಿಂದಿನ ವಾರವಷ್ಟೇ ತರಗತಿಯಲ್ಲಿ ನಿಂತು, "ನಿಮ್ಮ ಪ್ರೊಫೈಲ್‌ನಲ್ಲಿ ರಾಜಕೀಯ ಬೇಡ" ಎಂದು ಹೇಳಿದ್ದವನು ನಾನೇ. ಅಕ್ಕ ಹೇಳಿದ್ದು ನನ್ನ ಮಾತನ್ನೇ. ಆ ಮಾತು ಸರಿಯೇ, ಅದರಿಂದ ಯಾರಿಗೆ ಲಾಭ ಎಂದು ಅಲ್ಲಿಂದ ಯೋಚಿಸುತ್ತಲೇ ಇದ್ದೇನೆ. ಈ ಲೇಖನ ಆ ಯೋಚನೆಯ ಫಲ.

ಅವಳ ಹೆದರಿಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಉಳಿದ ಜಾಲತಾಣಗಳಲ್ಲಿ ಜನ ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ, ಮುಖ ಮರೆಸುತ್ತಾರೆ. ಲಿಂಕ್ಡ್‌ಇನ್ ಕಟ್ಟಿರುವ ರೀತಿಯೇ ಬೇರೆ. ಇಲ್ಲಿ ನಿಜವಾದ ಹೆಸರು, ಹೆಸರಿನ ಕೆಳಗೆ ಹುದ್ದೆ, ಹುದ್ದೆಯ ಪಕ್ಕದಲ್ಲಿ ಕಂಪನಿ. ನೀವು ಯಾವುದೋ ಬರಹಕ್ಕೆ ಒಂದು ಮೆಚ್ಚುಗೆ ಒತ್ತಿದರೂ ಅದು ನಿಮ್ಮ ಮೇಲಧಿಕಾರಿಯ ಪರದೆಯ ಮೇಲೆ ನಿಮ್ಮ ಹೆಸರಿನೊಂದಿಗೆ ಮೂಡಬಹುದು. ಕೆಲಸ ಕೊಡುವವರು, ಕೆಲಸ ಕೇಳುವವರು, ಸಹೋದ್ಯೋಗಿಗಳು, ಗ್ರಾಹಕರು ಎಲ್ಲರೂ ಒಂದೇ ಜಗಲಿಯ ಮೇಲೆ ಕುಳಿತಿರುವ ಜಾಗ ಅದು. 2003ರಲ್ಲಿ ಶುರುವಾದ ಈ ತಾಣವನ್ನು 2016ರಲ್ಲಿ ಮೈಕ್ರೋಸಾಫ್ಟ್ 26.2 ಶತಕೋಟಿ ಡಾಲರಿಗೆ ಕೊಂಡಿತು. ಅಮೆರಿಕದ ನಂತರ ಅದಕ್ಕೆ ಅತಿ ಹೆಚ್ಚು ಸದಸ್ಯರಿರುವುದು ಭಾರತದಲ್ಲಿ, 10 ಕೋಟಿಗೂ ಮೇಲೆ. ಮೂರನೇ ವರ್ಷಕ್ಕೆ ಕಾಲಿಟ್ಟ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇಲ್ಲೊಂದು ಖಾತೆ ಇಲ್ಲದಿದ್ದರೆ ಪ್ಲೇಸ್‌ಮೆಂಟ್ ವಿಭಾಗದವರೇ ಕರೆದು ತೆರೆಸುತ್ತಾರೆ.

ರಾಜಕೀಯವನ್ನು ಏನು ಮಾಡಬೇಕೆಂದು ಈ ತಾಣಕ್ಕೂ ಪೂರ್ತಿ ಬಗೆಹರಿದಿಲ್ಲ. ರಾಜಕೀಯ ಜಾಹೀರಾತುಗಳನ್ನು ಅದು ತೆಗೆದುಕೊಳ್ಳುವುದಿಲ್ಲ. 2022ರಲ್ಲಿ ಅಮೆರಿಕದ ಬಳಕೆದಾರರಿಗೆ, ಬೇಡವೆನ್ನುವವರು ರಾಜಕೀಯ ಬರಹಗಳನ್ನು ಕಡಿಮೆ ಮಾಡಿಕೊಳ್ಳುವ ಒಂದು ಗುಂಡಿಯನ್ನು ಕೊಟ್ಟಿತು. ಜನ ಅಂಥ ಗುಂಡಿ ಬೇಕೆನ್ನುವಷ್ಟು ರಾಜಕೀಯ ಅಲ್ಲಿ ತುಂಬಿಕೊಂಡಿತ್ತು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಆದ್ದರಿಂದ ವೃತ್ತಿಪರ ತಾಣದಲ್ಲಿ ರಾಜಕೀಯ ಇರಬೇಕೇ ಬೇಡವೇ ಎಂಬ ಚರ್ಚೆಗೆ ಈಗ ಅರ್ಥವಿಲ್ಲ. ರಾಜಕೀಯ ಅಲ್ಲಿ ಇದೆ. ಯಾರು ಆಡಬಹುದು, ಯಾರು ಬಾಯಿ ಮುಚ್ಚಿಕೊಂಡಿರಬೇಕು ಎಂಬುದೇ ಕೇಳಬೇಕಾದ ಪ್ರಶ್ನೆ.

2024ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ವ್ಯವಸ್ಥಾಪಕ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70. ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡ ಓದಲು, ಬರೆಯಲು, ಮಾತನಾಡಲು ಬಲ್ಲವರು ಸ್ಥಳೀಯರು ಎಂದು ಅದು ಹೇಳುತ್ತಿತ್ತು. ಸುದ್ದಿ ಹೊರಬಿದ್ದು ಒಂದು ದಿನ ಕಳೆಯುವಷ್ಟರಲ್ಲಿ ಬೆಂಗಳೂರಿನ ದೊಡ್ಡ ಉದ್ಯಮಿಗಳು ಒಬ್ಬರ ಹಿಂದೊಬ್ಬರು ಜಾಲತಾಣಗಳಲ್ಲಿ ವಿರೋಧಿಸಿದರು. ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ನಾಸ್ಕಾಂ ಹೇಳಿಕೆ ಹೊರಡಿಸಿತು. ಜುಲೈ 17ರಂದೇ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು.

ಮಸೂದೆಯಲ್ಲಿ ತಪ್ಪುಗಳಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಹರಿಯಾಣ ಇಂಥದ್ದೇ ಶೇ 75ರ ಕಾನೂನು ಮಾಡಿತ್ತು. 2023ರ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ನಮ್ಮದೂ ನ್ಯಾಯಾಲಯದಲ್ಲಿ ನಿಲ್ಲುತ್ತಿತ್ತೆಂದು ಹೇಳಲಾರೆ. ಉದ್ಯಮಿಗಳ ವಾದದಲ್ಲಿ ಹುರುಳಿತ್ತು. ಆದರೆ ಆ ಮೂರು ದಿನ ಆ ತಾಣಗಳಲ್ಲಿ ಯಾರ ದನಿ ಎದ್ದು ಕೇಳಿತು? ಕೆಲಸ ಕೊಡುವವರದ್ದು. ಆ ಕೆಲಸಕ್ಕಾಗಿ ಕಾಯುತ್ತಿದ್ದ ದಾವಣಗೆರೆ, ಚಿತ್ರದುರ್ಗ, ಹೊಳಲ್ಕೆರೆ, ಚನ್ನಗಿರಿಯ ಹುಡುಗ ಹುಡುಗಿಯರು ಬರೆದದ್ದು ಅಲ್ಲಿ ನನ್ನ ಕಣ್ಣಿಗೆ ಬೀಳಲೇ ಇಲ್ಲ. ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಪರ ವಿರೋಧ ಎರಡೂ ಬದಿಯ ವಾದಗಳನ್ನು ಕೇಳಿದೆ, ಚೆನ್ನಾಗಿಯೇ ವಾದಿಸಿದರು. ಒಬ್ಬ ಹುಡುಗ, ಮೀಸಲಾತಿ ಬೇಡ ಸರ್, ಬೆಂಗಳೂರಿನವರಿಗೆ ಕೊಡುವ ಇಂಟರ್ನ್‌ಷಿಪ್ ಅವಕಾಶ ನಮಗೂ ಕೊಟ್ಟರೆ ಸಾಕು, ಸ್ಪರ್ಧೆಗೆ ನಾವೇ ನಿಲ್ಲುತ್ತೇವೆ ಎಂದ. ಯಾವ ಮಂತ್ರಿಯಾದರೂ ಕೇಳಿಸಿಕೊಳ್ಳಬೇಕಾದ ಮಾತು. ಅವನು ಅದನ್ನು ಬರೆಯಲಿಲ್ಲ. ಮುಂದಿನ ವಾರ ಅವನಿಗೆ ಸಂದರ್ಶನವಿತ್ತು.

ಅದೇ ಗದ್ದಲದಲ್ಲಿ ಇನ್ನೊಂದು ಘಟನೆ ನಡೆಯಿತು. ಫೋನ್‌ಪೇ ಸಂಸ್ಥಾಪಕ ಸಮೀರ್ ನಿಗಮ್, ತಂದೆ ನೌಕಾಪಡೆಯಲ್ಲಿದ್ದುದರಿಂದ ತಾವು ಯಾವ ರಾಜ್ಯದಲ್ಲೂ 15 ವರ್ಷ ಇದ್ದವರಲ್ಲ ಎಂದು ಬರೆದು ಮಸೂದೆಯನ್ನು ಟೀಕಿಸಿದರು. ಕನ್ನಡಿಗರು ಆ ಆ್ಯಪ್ ತೆಗೆದುಹಾಕುವ ಅಭಿಯಾನಕ್ಕಿಳಿದರು. ಕೆಲವೇ ದಿನಗಳಲ್ಲಿ ಅವರು ಬೇಷರತ್ ಕ್ಷಮೆ ಕೇಳಿದರು. ಅವರು ಬರೆದದ್ದು ಸ್ವಂತ ಬದುಕಿನ ಮಾತು, ಆದರೆ ಜನ ಅದನ್ನು ಕಂಪನಿಯ ಮಾತೆಂದೇ ತೆಗೆದುಕೊಂಡರು. ಹಾಗೆ ತೆಗೆದುಕೊಂಡದ್ದು ಸಹಜ. ಕೋಟಿಗಟ್ಟಲೆ ಜನರ ಹಣ ಹಾದುಹೋಗುವ ಕಂಪನಿಯ ಮುಖ್ಯಸ್ಥರಿಗೆ ಖಾಸಗಿ ದನಿ ಎಂಬುದು ಉಳಿಯುವುದಿಲ್ಲ. ಆದರೂ ಆ ಪ್ರಸಂಗದಲ್ಲಿ ಒಂದು ಮಾತಿಗೆ ಇನ್ನೊಂದು ಮಾತು ಎದುರಾಯಿತು. ಹೇಳಿದವರ ಹೆಸರು ಗೊತ್ತಿತ್ತು, ಸಿಟ್ಟಾದವರು ಉತ್ತರ ಕೊಟ್ಟರು. ನನಗೆ ಅದು ಆರೋಗ್ಯಕರವಾಗಿಯೇ ಕಾಣುತ್ತದೆ.

ದಾವಣಗೆರೆಯವರಿಗೆ ಇಂಥ ಮುಖಾಮುಖಿ ಹೊಸದಲ್ಲ. 1930ರ ದಶಕದಲ್ಲಿ ಶುರುವಾದ ಹತ್ತಿ ಗಿರಣಿಗಳಿಂದ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತ್ತು. ಪಾಳಿ ಬಿಡುವ ಹೊತ್ತಿಗೆ ಮಿಲ್ಲಿನ ಗೇಟಿನ ಮುಂದೆ ಸಭೆ ಸೇರುತ್ತಿತ್ತು. ನಮ್ಮ ತಂದೆ ನೂಲುವ ವಿಭಾಗದಲ್ಲಿದ್ದರು. ಚಿಕ್ಕವನಿದ್ದಾಗ ಅವರ ಊಟದ ಡಬ್ಬಿ ತೆಗೆದುಕೊಂಡು ಹೋಗಿ, ಸಭೆ ಮುಗಿಯುವವರೆಗೆ ಕಾಂಪೌಂಡಿನ ಪಕ್ಕ ನಿಂತಿದ್ದು ನೆನಪಿದೆ. ತಲೆಕೂದಲಿಗೆ, ಹುಬ್ಬಿಗೆ ಹತ್ತಿಯ ಎಳೆ ಅಂಟಿಸಿಕೊಂಡ ಜನ ನಿಂತು ಕೇಳುತ್ತಿದ್ದರು. ಬೋನಸ್ಸಿನಿಂದ ಶುರುವಾದ ಮಾತು ಅಕ್ಕಿಯ ಬೆಲೆಗೆ, ಅಲ್ಲಿಂದ ವಿಧಾನಸೌಧಕ್ಕೆ ಹೋಗುತ್ತಿತ್ತು. ಗೇಟಿನ ಒಳಗೆ ಮಾಲೀಕರ ಕಾರು ನಿಂತಿರುತ್ತಿತ್ತು. ಅವರೂ ಕೇಳಿಸಿಕೊಳ್ಳಬೇಕೆಂದೇ ಗಟ್ಟಿಯಾಗಿ ಮಾತನಾಡುತ್ತಿದ್ದರು. ಆ ಗೇಟುಗಳಿಂದಲೇ ಕಾರ್ಮಿಕ ನಾಯಕ ಪಂಪಾಪತಿ ಬೆಳೆದರು. ಕಮ್ಯುನಿಸ್ಟ್ ಪಕ್ಷದಿಂದ 1978, 1983 ಮತ್ತು 1985ರಲ್ಲಿ ಮೂರು ಬಾರಿ ದಾವಣಗೆರೆಯ ಶಾಸಕರಾದರು. ಗಿರಣಿ ಮಾಲೀಕರಿದ್ದ ಊರು ಕಾರ್ಮಿಕ ಮುಖಂಡನನ್ನು ಆರಿಸಿ ಕಳುಹಿಸಿತು.

ಆ ಕಾಲವನ್ನು ಹೊಗಳಿ ಆಕಾಶಕ್ಕೇರಿಸುವುದು ನನ್ನ ಉದ್ದೇಶವಲ್ಲ. ಆ ಸಭೆಗಳಲ್ಲಿ ಹೆಂಗಸರು ಮಾತನಾಡಿದ್ದನ್ನು ನಾನು ಕಂಡಿಲ್ಲ. ಮಾತನಾಡಿದ್ದಕ್ಕೆ ಕೆಲಸ ಕಳೆದುಕೊಂಡವರು ನಮ್ಮ ಓಣಿಯಲ್ಲೇ ಇದ್ದರು. ಆದರೆ ಕೆಲಸ ಹೋದರೆ ಬೆನ್ನಿಗೆ ಸಂಘವಿತ್ತು. ಇಂದು ಹುಡುಗಿ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು, ಒಬ್ಬಳೇ ಹೆದರಿ, ಒಬ್ಬಳೇ ಅಳಿಸುತ್ತಾಳೆ. ಅವಳು ಬರೆದಿದ್ದಳು ಎಂಬುದೂ ಯಾರಿಗೂ ಗೊತ್ತಾಗುವುದಿಲ್ಲ.

ಗಿರಣಿಗಳು ಮುಚ್ಚಿದವು, ಊರು ಶಿಕ್ಷಣ ಕೇಂದ್ರವಾಯಿತು. ಉದ್ಯಮ ಮತ್ತು ರಾಜಕೀಯದ ನಂಟು ಮಾತ್ರ ಬಿಡಲಿಲ್ಲ. ಬಾಪೂಜಿ ವಿದ್ಯಾಸಂಸ್ಥೆಯನ್ನು ಬೆಳೆಸಿದ ಶಾಮನೂರು ಶಿವಶಂಕರಪ್ಪ ದೀರ್ಘಕಾಲ ಶಾಸಕರೂ ರಾಜ್ಯ ಕಾಂಗ್ರೆಸ್ಸಿನ ಖಜಾಂಚಿಯೂ ಆಗಿದ್ದರು. 2004ರಿಂದ ಸತತ ನಾಲ್ಕು ಬಾರಿ ಬಿಜೆಪಿಯಿಂದ ಸಂಸದರಾದ ಜಿ.ಎಂ. ಸಿದ್ದೇಶ್ವರ ಅವರದ್ದು ಚಿತ್ರದುರ್ಗದ ಭೀಮಸಮುದ್ರ ಮೂಲದ ಅಡಿಕೆ ವ್ಯಾಪಾರದ ಮನೆತನ, ಅವರದ್ದೂ ಎಂಜಿನಿಯರಿಂಗ್ ಕಾಲೇಜು ಇದೇ ಊರಿನಲ್ಲಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ಈ ಎರಡು ಮನೆಗಳ ಸೊಸೆಯಂದಿರೇ ಎದುರಾಳಿಗಳು. ಡಾ. ಪ್ರಭಾ ಮಲ್ಲಿಕಾರ್ಜುನ್ ಗೆದ್ದರು, ಗಾಯತ್ರಿ ಸಿದ್ದೇಶ್ವರ ಸೋತರು. ಇದನ್ನು ಒಳ್ಳೆಯದೆಂದು ಹೇಳುತ್ತಿಲ್ಲ. ಹಣವಿದ್ದವರಿಗೇ ಟಿಕೆಟ್ ಎಂಬುದು ಪ್ರಜಾಪ್ರಭುತ್ವಕ್ಕೆ ದೊಡ್ಡ ಪೆಟ್ಟು. ಆದರೆ ಇಲ್ಲಿ ಯಾರ ಕಾಲೇಜು, ಯಾರ ವ್ಯಾಪಾರ, ಯಾವ ಪಕ್ಷ ಎಂಬುದು ಆಟೋ ಓಡಿಸುವವರಿಗೂ ಗೊತ್ತು. ತಿಳಿದೇ ಮತ ಹಾಕುತ್ತಾರೆ, ತಿಳಿದೇ ಬದಲಾಯಿಸುತ್ತಾರೆ. ದೊಡ್ಡ ಕಂಪನಿಗಳ ರಾಜಕೀಯದಲ್ಲಿ ನಮಗೆ ಈ ತಿಳಿವಳಿಕೆಯೇ ಸಿಗುತ್ತಿಲ್ಲ.

ಅದರ ಕಥೆ ಹಳೆಯದು. 1957ರಲ್ಲಿ ಟಾಟಾ ಉಕ್ಕಿನ ಕಂಪನಿ, ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ಅವಕಾಶವಾಗುವಂತೆ ತನ್ನ ಸ್ಥಾಪನಾ ಪತ್ರವನ್ನು ತಿದ್ದಲು ಹೊರಟಾಗ ವಿಷಯ ಬಾಂಬೆ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಕಾನೂನಿನ ಪ್ರಕಾರ ತಡೆಯಲಾಗದೆ ಒಪ್ಪಿದರು. ಒಪ್ಪುತ್ತಲೇ, ಈ ಅಪಾಯ ಬೆಳೆಯುತ್ತಾ ಹೋಗಿ ಕೊನೆಗೆ ದೇಶದ ಪ್ರಜಾಪ್ರಭುತ್ವದ ಕತ್ತನ್ನೇ ಹಿಸುಕಬಹುದೆಂದು ತೀರ್ಪಿನಲ್ಲಿ ಎಚ್ಚರಿಸಿದರು. ಸಂಸತ್ತು ಮಧ್ಯೆ ಪ್ರವೇಶಿಸಬೇಕೆಂದೂ ಬಯಸಿದರು.

ಸಂಸತ್ತು ಪೂರ್ತಿ ಬಾಗಿಲು ಹಾಕಿದ್ದು 1969ರಲ್ಲಿ. ಅಂದು ಕಂಪನಿಗಳು ಪಕ್ಷಗಳಿಗೆ ಹಣ ಕೊಡುವುದನ್ನೇ ನಿಷೇಧಿಸಲಾಯಿತು. ಆ ವರ್ಷ ಚಿತ್ರದುರ್ಗಕ್ಕೆ ಬೇರೆ ಕಾರಣಕ್ಕೆ ಮುಖ್ಯ. ಇಲ್ಲಿಯೇ ವಕೀಲಿಕೆ ಮಾಡಿ ಬೆಳೆದ ಎಸ್. ನಿಜಲಿಂಗಪ್ಪ ಆಗ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರು. ಅದೇ ವರ್ಷ ಪಕ್ಷ ಇಬ್ಭಾಗವಾಯಿತು. ಇಂದಿರಾ ಗಾಂಧಿ ಒಂದು ಕಡೆ, ನಿಜಲಿಂಗಪ್ಪನವರ ಬಣ ಇನ್ನೊಂದು ಕಡೆ. ಉದ್ಯಮಿಗಳ ಹಣ ಸ್ವತಂತ್ರ ಪಕ್ಷದಂಥ ವಿರೋಧಿಗಳತ್ತ ಹರಿಯುವುದನ್ನು ತಡೆಯಲೆಂದೇ ನಿಷೇಧ ಬಂತು ಎಂದು ಇತಿಹಾಸಕಾರರಲ್ಲಿ ಹಲವರು ಹೇಳುತ್ತಾರೆ. ಉದ್ದೇಶ ಏನೇ ಇರಲಿ, ಕೊಳವೆ ಕಟ್ಟಿದರೆ ನೀರು ನಿಲ್ಲಲಿಲ್ಲ, ನೆಲದೊಳಗೆ ಹರಿಯಿತು. ಚೆಕ್ ಹೋಗಿ ಸೂಟ್‌ಕೇಸ್ ಬಂತು. ಹೆದ್ದಾರಿಯಲ್ಲಿ ಸೀಬಾರದ ಬಳಿ ನಿಜಲಿಂಗಪ್ಪನವರ ಸ್ಮಾರಕ ಕಂಡಾಗಲೆಲ್ಲ ನನಗೆ ಆ ವರ್ಷವೇ ನೆನಪಾಗುತ್ತದೆ. ಪಕ್ಷ ಒಡೆದದ್ದು ಪಠ್ಯಪುಸ್ತಕದಲ್ಲಿ ಉಳಿಯಿತು, ದುಡ್ಡು ನೆಲದಡಿಗೆ ಇಳಿದದ್ದು ಉಳಿಯಲಿಲ್ಲ.

1985ರಲ್ಲಿ ನಿಷೇಧ ತೆಗೆದು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 5ರವರೆಗೆ ಕೊಡಬಹುದೆಂದು ಮಾಡಿದರು. 2013ರ ಕಂಪನಿ ಕಾಯ್ದೆ ಅದನ್ನು ಶೇ 7.5ಕ್ಕೆ ಏರಿಸಿತು. ನಿರ್ದೇಶಕ ಮಂಡಳಿಯ ನಿರ್ಣಯ ಬೇಕು, ಲೆಕ್ಕಪತ್ರದಲ್ಲಿ ಪಕ್ಷದ ಹೆಸರು ತೋರಿಸಬೇಕು, ಸರ್ಕಾರಿ ಕಂಪನಿಗಳೂ ಮೂರು ವರ್ಷ ತುಂಬದ ಕಂಪನಿಗಳೂ ಕೊಡುವಂತಿಲ್ಲ. ತಕ್ಕಮಟ್ಟಿಗೆ ಒಪ್ಪಬಹುದಾದ ವ್ಯವಸ್ಥೆ. 2017ರ ಹಣಕಾಸು ಕಾಯ್ದೆ ಇದರ ಎರಡು ಕಂಬಗಳನ್ನು ಕಿತ್ತಿತು. ಮಿತಿ ಹೋಯಿತು, ಪಕ್ಷದ ಹೆಸರು ಹೇಳುವ ಕರ್ತವ್ಯವೂ ಹೋಯಿತು. ಮಿತಿಯೇ ಇಲ್ಲವೆಂದರೆ ನಷ್ಟದಲ್ಲಿರುವ ಕಂಪನಿಯೂ ಎಷ್ಟಾದರೂ ಕೊಡಬಹುದು ಎಂದಾಯಿತು. 2018ರ ಜನವರಿಯಲ್ಲಿ ಚುನಾವಣಾ ಬಾಂಡ್ ಬಂತು. ಸಾವಿರದಿಂದ ಕೋಟಿ ರೂಪಾಯಿವರೆಗಿನ ಬಾಂಡನ್ನು ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಟ್ಟರೆ ಆಯಿತು, ಕೊಟ್ಟವರು ಯಾರೆಂದು ಮತದಾರನಿಗೆ ತಿಳಿಯುವಂತಿಲ್ಲ.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಮ್ಮತದಿಂದ ಇಡೀ ಯೋಜನೆಯನ್ನು ರದ್ದುಪಡಿಸಿತು. ಮತದಾರನ ತಿಳಿಯುವ ಹಕ್ಕಿಗೆ ಇದು ವಿರುದ್ಧ ಎಂದಿತು. ಮಿತಿ ತೆಗೆದ ತಿದ್ದುಪಡಿಯನ್ನೂ ತಳ್ಳಿಹಾಕಿತು. ವಿವರ ಕೊಡಲು ಬ್ಯಾಂಕ್ ಜೂನ್ 30ರವರೆಗೆ ಸಮಯ ಕೇಳಿತು. ನ್ಯಾಯಾಲಯ ಒಪ್ಪಲಿಲ್ಲ. ಮಾರ್ಚ್ 14ರಂದು ಚುನಾವಣಾ ಆಯೋಗ ಪಟ್ಟಿ ಪ್ರಕಟಿಸಿತು. 2019ರ ಏಪ್ರಿಲ್‌ನಿಂದ ಮಾರಾಟವಾಗಿದ್ದ ಬಾಂಡ್‌ಗಳು 22,217. ಅತಿ ಹೆಚ್ಚು ಕೊಂಡದ್ದು ಲಾಟರಿ ವ್ಯವಹಾರದ ಒಂದು ಕಂಪನಿ, ಫ್ಯೂಚರ್ ಗೇಮಿಂಗ್, 1,368 ಕೋಟಿ ರೂಪಾಯಿಯಷ್ಟು. ಆ ಪಟ್ಟಿ ಬಂದ 43 ದಿನಕ್ಕೆ ಚಿತ್ರದುರ್ಗದಲ್ಲಿ ಮತದಾನ ನಡೆಯಿತು, ದಾವಣಗೆರೆಯಲ್ಲಿ ಮೇ 7ಕ್ಕೆ. ಐದು ವರ್ಷದ ಗುಟ್ಟನ್ನು ಓದಿ ಅರ್ಥಮಾಡಿಕೊಳ್ಳಲು ಮತದಾರನಿಗೆ ಸಿಕ್ಕಿದ್ದು ಇಷ್ಟೇ ಸಮಯ. ಬ್ಯಾಂಕ್ ಕೇಳಿದ ಗಡುವು ಸಿಕ್ಕಿದ್ದರೆ ಅದೂ ಇರುತ್ತಿರಲಿಲ್ಲ.

ಇದಕ್ಕೂ ಲಿಂಕ್ಡ್‌ಇನ್‌ಗೂ ಏನು ಸಂಬಂಧ ಎಂದು ಕೇಳಬಹುದು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಚಿತ್ರ ಪೂರ್ಣವಾಗುತ್ತದೆ ಎಂಬುದು ನನ್ನ ವಾದ. ಬಾಂಡ್ ಕೊಂಡ ದಿನ ಕಂಪನಿಯ ನಿರ್ದೇಶಕ ಮಂಡಳಿ ಒಂದು ರಾಜಕೀಯ ನಿರ್ಧಾರ ಮಾಡಿತು. ಆ ಹಣ ನೌಕರರ ದುಡಿಮೆಯಿಂದ ಬಂದದ್ದು. ಷೇರುದಾರರ ಪಾಲಿನದು. ಆ ಷೇರುದಾರರಲ್ಲಿ ಮ್ಯೂಚುವಲ್ ಫಂಡಿಗೆ ತಿಂಗಳಿಗೆ ಎರಡು ಸಾವಿರ ಕಟ್ಟುವ ಹರಿಹರದ ಶಾಲಾ ಶಿಕ್ಷಕಿಯೂ ಸೇರಿರುತ್ತಾರೆ. ತಮ್ಮ ಉಳಿತಾಯದ ಒಂದು ಚೂರು ಯಾವ ಪಕ್ಷದ ಪ್ರಚಾರಕ್ಕೆ ಹೋಯಿತೆಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅದೇ ಕಂಪನಿ ತನ್ನ ನೌಕರನಿಗೆ, "ಜಾಲತಾಣದಲ್ಲಿ ರಾಜಕೀಯ ಬೇಡ, ಸಂಸ್ಥೆಯ ಹೆಸರಿಗೆ ಧಕ್ಕೆಯಾದೀತು" ಎಂದು ನಿಯಮಾವಳಿ ಕೊಡುತ್ತದೆ. ದುಡ್ಡು ಮಾತನಾಡಬಹುದು, ದುಡಿದವರು ಮಾತನಾಡಬಾರದು. ಇದನ್ನು ತಟಸ್ಥ ನೀತಿ ಎಂದು ನಾನು ಒಪ್ಪುವುದಿಲ್ಲ.

ಬಾಯಿ ಮುಚ್ಚಿಸುವ ನೀತಿಯನ್ನು ಬಹಿರಂಗವಾಗಿ ಘೋಷಿಸಿದ ಕಂಪನಿಗಳೂ ಇವೆ. ಅಮೆರಿಕದ ಕಾಯಿನ್‌ಬೇಸ್ 2020ರಲ್ಲಿ, ನಮ್ಮ ಕೆಲಸಕ್ಕೆ ಸಂಬಂಧಿಸದ ರಾಜಕೀಯ ಕಚೇರಿಯೊಳಗೆ ಬೇಡ, ಒಪ್ಪದವರು ಪರಿಹಾರ ತೆಗೆದುಕೊಂಡು ಹೋಗಬಹುದು ಎಂದಿತು. ಸುಮಾರು 60 ಮಂದಿ, ಎಂದರೆ ಶೇ 5ರಷ್ಟು ನೌಕರರು, ಹೊರನಡೆದರು. 2021ರಲ್ಲಿ ಬೇಸ್‌ಕ್ಯಾಂಪ್ ಎಂಬ ಚಿಕ್ಕ ಕಂಪನಿ ಇದೇ ದಾರಿ ಹಿಡಿದಾಗ ಮೂರನೇ ಒಂದು ಭಾಗದಷ್ಟು ಜನ ಬಿಟ್ಟರು. ಈ ನೀತಿಯ ಪರವಾಗಿ ಹೇಳಬೇಕಾದದ್ದೂ ಇದೆ. ಹತ್ತು ಜನರ ಕಚೇರಿಯಲ್ಲಿ ಚುನಾವಣೆಯ ಸಮಯದಲ್ಲಿ ಜಗಳವಾದರೆ ಕೆಲಸ ಕೆಡುತ್ತದೆ. ಬಹುಸಂಖ್ಯಾತರ ಅಭಿಪ್ರಾಯವೇ ಕಚೇರಿಯ ಅಭಿಪ್ರಾಯವಾಗಿ, ಭಿನ್ನವಾಗಿ ಯೋಚಿಸುವವರು, ಅಲ್ಪಸಂಖ್ಯಾತ ಸಮುದಾಯದವರು ಮೂಲೆಗುಂಪಾಗುವ ಅಪಾಯವೂ ನಿಜ. ಊಟದ ಮೇಜಿನಲ್ಲಿ ಒಬ್ಬರ ಜಾತಿ, ಧರ್ಮ ಎತ್ತಿ ಆಡುವ ಮಾತನ್ನು ರಾಜಕೀಯ ಚರ್ಚೆ ಎಂದು ಕರೆದು ರಕ್ಷಿಸಬಾರದು. ಕೆಲಸದ ಸಮಯದಲ್ಲಿ ಬೇಡ ಎಂದರೆ ಒಪ್ಪೋಣ. ಆದರೆ ಆ ನಿಯಮ ನಿರ್ದೇಶಕ ಮಂಡಳಿಯ ಕೊಠಡಿಗೂ ಅನ್ವಯಿಸಬೇಕು. ನೌಕರನ ಮಾತಿಗೆ ಬೀಗ ಹಾಕುವ ಕಂಪನಿ ಚೆಕ್ ಪುಸ್ತಕಕ್ಕೂ ಬೀಗ ಹಾಕಬೇಕು.

ಹೆದರಿಕೆ ಕೆಳಗಿನವರಿಗೆ ಮಾತ್ರ ಎಂದೂ ತಿಳಿಯಬಾರದು. 2019ರ ನವೆಂಬರ್ 30ರಂದು ಮುಂಬೈಯ ಸಮಾರಂಭವೊಂದರಲ್ಲಿ ಉದ್ಯಮಿ ರಾಹುಲ್ ಬಜಾಜ್ ಗೃಹ ಸಚಿವ ಅಮಿತ್ ಶಾ ಅವರ ಎದುರೇ, ಸರ್ಕಾರವನ್ನು ಟೀಕಿಸಿದರೆ ನೀವು ಸಹಿಸುತ್ತೀರೆಂಬ ಭರವಸೆ ನಮಗಿಲ್ಲ, ನನ್ನ ಉದ್ಯಮಿ ಮಿತ್ರರು ಯಾರೂ ಇದನ್ನು ಹೇಳುವುದಿಲ್ಲ ಎಂಬರ್ಥದ ಮಾತನಾಡಿದರು. ಯಾರೂ ಹೆದರಬೇಕಿಲ್ಲ ಎಂದು ಸಚಿವರು ಉತ್ತರಿಸಿದರು. ದೇಶದ ಅತಿ ಶ್ರೀಮಂತರ ಸಾಲಿನಲ್ಲಿದ್ದ ಹಿರಿಯರೊಬ್ಬರು ಆಡಿದ ಸರಳ ಮಾತು ದೇಶವೇ ಚರ್ಚಿಸುವ ಸುದ್ದಿಯಾಯಿತು. ಅಷ್ಟು ಅಪರೂಪವಾಗಿತ್ತು ಅದು. ಕಂಪನಿಗಳು ಗುಟ್ಟಾಗಿ ಹಣ ಕೊಡಲು ಬಯಸುವುದಕ್ಕೂ ಈ ಹೆದರಿಕೆಗೂ ಸಂಬಂಧವಿದೆ. ಒಂದು ಪಕ್ಷಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ತಿಳಿದರೆ ಕಿರುಕುಳವಾದೀತು ಎಂಬುದೇ ಬಾಂಡ್ ಪರವಾದ ಮುಖ್ಯ ವಾದವಾಗಿತ್ತು. ನ್ಯಾಯಾಲಯ ಅದನ್ನು ತೂಗಿ ನೋಡಿಯೇ, ಮತದಾರನ ಹಕ್ಕು ದೊಡ್ಡದೆಂದಿತು. ಸೇಡಿಗೆ ಹೆದರುವ ಉದ್ಯಮಿಗೆ ಗುಟ್ಟು ಬೇಕಾದೀತು, ಆದರೆ ಅದೇ ಗುಟ್ಟು ಗುತ್ತಿಗೆಗಾಗಿ ಹಣ ಕೊಟ್ಟವನನ್ನೂ ಮರೆಮಾಚುತ್ತದೆ.

ಈಗ ನೌಕರನ ರಕ್ಷಣೆಗೆ ಏನಿದೆ ನೋಡೋಣ. ಸರ್ಕಾರಿ ನೌಕರರ ವಿಷಯ ಸ್ಪಷ್ಟ. 2021ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು ಅವರನ್ನು ರಾಜಕೀಯದಿಂದ ದೂರವಿಡುತ್ತವೆ. ಬಿಗಿಯಾದ ನಿಯಮ, ಆದರೆ ಗೆರೆ ಎಲ್ಲಿದೆ ಎಂದು ಮೊದಲೇ ಗೊತ್ತಿರುತ್ತದೆ. ಖಾಸಗಿ ನೌಕರನಿಗೆ ಆ ಗೆರೆಯನ್ನು ಎಳೆಯುವುದು ಅವನ ನೇಮಕಾತಿ ಪತ್ರ, ಅದನ್ನು ಬರೆಯುವುದು ಕಂಪನಿ. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವ ಹಕ್ಕು. ಎಚ್‌ಆರ್ ವಿಭಾಗದ ಎದುರು ಅದನ್ನು ಹಿಡಿದು ನಿಲ್ಲುವುದು ಕಷ್ಟ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯಲ್ಲಿ, ನೌಕರನ ರಾಜಕೀಯ ಚಟುವಟಿಕೆಯನ್ನು ಮಾಲೀಕ ನಿಯಂತ್ರಿಸುವಂತಿಲ್ಲ, ಕೆಲಸದಿಂದ ತೆಗೆಯುವ ಬೆದರಿಕೆ ಒಡ್ಡುವಂತಿಲ್ಲ ಎಂದು ದಶಕಗಳಿಂದಲೇ ಇದೆ. ನಮ್ಮಲ್ಲಿ ಚುನಾವಣೆಯ ದಿನದ ಮಟ್ಟಿಗೆ ಒಂದು ರಕ್ಷಣೆ ಇದೆ. ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ ಪ್ರಕಾರ ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕು. ಕೊಡದ ಮಾಲೀಕನಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಮತ ಹಾಕಲು ರಜೆ ಕೊಡುವ ಕಾನೂನು, ಆ ಮತಕ್ಕೆ ಮೊದಲು ನಡೆಯಬೇಕಾದ ಮಾತುಕತೆಯ ಬಗ್ಗೆ ಮೌನವಾಗಿದೆ.

ಏನು ಬದಲಾಗಬೇಕೆಂದು ಕೇಳಿದರೆ ನನಗೆ ಅತಿ ತುರ್ತೆನಿಸುವುದು ಇದು. ಕಂಪನಿ ದೇಣಿಗೆ ಕೊಟ್ಟರೆ ಅದರ ವಿವರ ಮುಂದಿನ ವರ್ಷದ ಲೆಕ್ಕಪತ್ರಕ್ಕೆ ಕಾಯದೆ, ಕೊಟ್ಟ ಕೆಲವೇ ದಿನಗಳಲ್ಲಿ ಬಹಿರಂಗವಾಗಬೇಕು. ಈಗ ಬಾಂಡ್ ಹೋಗಿ ಚುನಾವಣಾ ಟ್ರಸ್ಟ್‌ಗಳ ಮೂಲಕ ಹಣ ಹರಿಯುತ್ತಿದೆ. ಟ್ರಸ್ಟ್‌ಗಳು ಯಾರಿಂದ ಪಡೆದು ಯಾರಿಗೆ ಕೊಟ್ಟವೆಂದು ವರದಿ ಸಲ್ಲಿಸುತ್ತವೆ. ಬಾಂಡ್‌ಗಿಂತ ಇದು ವಾಸಿ. ಆದರೆ ಹಲವು ಕಂಪನಿಗಳ ಹಣ ಒಂದೇ ಹಂಡೆಗೆ ಬಿದ್ದು ಹಲವು ಪಕ್ಷಗಳಿಗೆ ಹಂಚಿಕೆಯಾಗುವುದರಿಂದ ಯಾರ ಹಣ ಯಾರಿಗೆ ಎಂಬ ಎಳೆ ಅಲ್ಲಿಯೂ ತಪ್ಪುತ್ತದೆ. ವರದಿ ಕೈಗೆ ಬರುವಷ್ಟರಲ್ಲಿ ಮತ ಹಾಕಿದ ಬೆರಳಿನ ಶಾಯಿ ಅಳಿಸಿರುತ್ತದೆ.

ಇನ್ನೊಂದು, ಇದಕ್ಕೆ ಸಂಸತ್ತು ಬೇಕಿಲ್ಲ, ಕಂಪನಿ ಮನಸ್ಸು ಮಾಡಿದರೆ ನಾಳೆಯೇ ಆಗುವಂಥದ್ದು. ನೌಕರ ತನ್ನ ಬಿಡುವಿನಲ್ಲಿ, ತನ್ನ ಹೆಸರಿನಲ್ಲಿ ಏನು ಬರೆಯಬಹುದು, ಏನು ಬರೆಯಬಾರದು ಎಂದು ಬಿಡಿಸಿ ಹೇಳಲಿ. ಕಂಪನಿಯ ಗುಟ್ಟು ಬಿಟ್ಟುಕೊಡಬಾರದು, ದ್ವೇಷ ಹರಡಬಾರದು, ಕಂಪನಿಯ ಪರವಾಗಿ ಮಾತನಾಡುತ್ತಿದ್ದೇನೆಂಬ ಭಾವನೆ ಬರಿಸಬಾರದು. ಇವು ನ್ಯಾಯವಾದ ನಿರ್ಬಂಧಗಳು. ಊರಿನ ನೀರು, ರಸ್ತೆ, ಶಾಲೆ, ರೈಲು ಕೇಳುವುದಕ್ಕೆ ಅಡ್ಡಿಯಿಲ್ಲ ಎಂಬ ಒಂದು ಸಾಲು ಅದರಲ್ಲಿದ್ದರೆ ಸಾವಿರಾರು ಹುಡುಗರ ಹೆದರಿಕೆ ಅರ್ಧಕ್ಕರ್ಧ ಇಳಿಯುತ್ತದೆ.

ನಾನು ತರಗತಿಯಲ್ಲಿ ಈಗ "ರಾಜಕೀಯ ಬೇಡ" ಎನ್ನುವುದಿಲ್ಲ. ಪಕ್ಷದ ಬಾವುಟ ಹಿಡಿದು ಬೈದಾಡಬೇಡಿ, ತಿಳಿದ ವಿಷಯವನ್ನು ಆಧಾರದೊಂದಿಗೆ ಸಭ್ಯವಾಗಿ ಬರೆಯಿರಿ, ಬರೆದರೆ ಬರಬಹುದಾದ ತೊಂದರೆಯನ್ನೂ ತಿಳಿದಿರಿ ಎನ್ನುತ್ತೇನೆ. ಅಪಾಯವೇ ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಸಾಲ ಮಾಡಿ ಓದಿಸಿದ ತಂದೆತಾಯಿ ಮನೆಯಲ್ಲಿ ಕಾಯುತ್ತಿರುವಾಗ ಧೈರ್ಯ ಮಾಡು ಎಂದು ದೂರದಲ್ಲಿ ನಿಂತು ಹೇಳುವ ಹಕ್ಕು ನನಗಿಲ್ಲ.

ಜಗಳೂರಿನ ಹುಡುಗಿಗೆ ಕೆಲಸ ಸಿಕ್ಕಿತು. ನೇಮಕಾತಿ ಪತ್ರದ ಜೊತೆ ಬಂದ ಜಾಲತಾಣ ನಿಯಮಾವಳಿಯನ್ನು ತಂದು ತೋರಿಸಿದಳು. ಅದೇ ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಸಾಲು ಸಾಲಾಗಿ ಓದಿದೆವು. ಸಂಸ್ಥೆಯ ಹಿತಕ್ಕೆ ಹೊಂದದ ಯಾವುದೇ ಸಾರ್ವಜನಿಕ ಅಭಿಪ್ರಾಯ ಕೂಡದು ಎಂದು ಒಂದು ಸಾಲಿತ್ತು. ಭದ್ರಾ ಮೇಲ್ದಂಡೆಗೆ ಕೇಂದ್ರ 2023ರ ಬಜೆಟ್‌ನಲ್ಲಿ 5,300 ಕೋಟಿ ಘೋಷಿಸಿತ್ತು. ಆ ಹಣದ ವಿಷಯದಲ್ಲಿ ಕೇಂದ್ರ, ರಾಜ್ಯ ಎರಡೂ ಒಂದರ ಮೇಲೊಂದು ಹೊಣೆ ಹೊರಿಸುತ್ತಲೇ ಬಂದಿವೆ. ಅದನ್ನು ಕೇಳುವುದು ಆ ಸಾಲಿನ ಒಳಗೆ ಬರುತ್ತದೋ ಇಲ್ಲವೋ ಎಂದು ನಮಗಿಬ್ಬರಿಗೂ ತಿಳಿಯಲಿಲ್ಲ.

"ಅವರನ್ನೇ ಕೇಳುತ್ತೇನೆ ಸರ್" ಎಂದಳು. ನಾನು ತಡೆಯಲಿಲ್ಲ. ಅಲ್ಲೇ ಕುಳಿತು ಮೂರು ಸಾಲಿನ ಮೇಲ್ ಬರೆದಳು: ನಮ್ಮೂರಿನ ಕೆರೆಗೆ ನೀರು ಕೇಳಿ ನನ್ನ ಹೆಸರಿನಲ್ಲಿ ಬರೆದರೆ ಸಂಸ್ಥೆಯ ನಿಯಮಕ್ಕೆ ವಿರುದ್ಧವಾಗುತ್ತದೆಯೇ, ದಯವಿಟ್ಟು ತಿಳಿಸಿ. ಎರಡು ಸಲ ಓದಿ, ಒಂದು ಪದ ತಿದ್ದಿ, ಕಳುಹಿಸಿದಳು. ಉತ್ತರ ಇನ್ನೂ ಬಂದಿಲ್ಲ.